ಕೃಷ್ಣೆಯನ್ನು ಕಂಡ ಉಪಗ್ರಹಕ್ಕೆ ಯಲಹಂಕ ಏಕೆ ಕಾಣದು?

ಯಲಹಂಕದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯಲ್ಲಿ ಎರಡು ಕಚೇರಿಗಳಿವೆ. ಅಟ್ಟೂರು ಲೇಔಟಿನ ಬಳಿ ಇರುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ದೊಡ್ಡಬೆಟ್ಟಹಳ್ಳಿಯ ದೂರಸಂವೇದಿ ಭವನದಲ್ಲಿರುವುದು ಉಪಗ್ರಹ ಚಿತ್ರಗಳಿಂದ ರಾಜ್ಯದ ನಕ್ಷೆ ಮಾಡುವ ಕೇಂದ್ರ. ಹೆಬ್ಬಾಳದಿಂದ ಸ್ವಲ್ಪ ಈಚೆಗೆ ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೋದ ಕೇಂದ್ರ ಕಚೇರಿ, ಯಶವಂತಪುರ ದಾಟಿದರೆ ಪೀಣ್ಯದಲ್ಲಿ ಉಪಗ್ರಹಗಳಿಗೆ ಆಜ್ಞೆ ಕಳಿಸುವ ಇಸ್ಟ್ರ್ಯಾಕ್. ಆಕಾಶದಿಂದ ಭೂಮಿ ನೋಡುವವರು ಇಷ್ಟೊಂದು ಮಂದಿ ಇರುವ ಊರಿನ ಮಗ್ಗುಲು ದೇಶದಲ್ಲಿ ಇನ್ನೊಂದಿರಲಾರದು.

ಅದೇ ಮಗ್ಗುಲಿನಲ್ಲಿ 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾಯಿತು. ಜನ ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರಬಂದರು. 2024ರ ಅಕ್ಟೋಬರ್‌ನಲ್ಲಿ ಮತ್ತೆ ಅದೇ ಜಾಗಕ್ಕೆ ಎನ್‌ಡಿಆರ್‌ಎಫ್ ದೋಣಿಗಳು ಬಂದವು. ಇಷ್ಟು ಉಪಗ್ರಹಗಳಿದ್ದೂ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಉತ್ತರ ಬೇಕಿದ್ದರೆ ಆ ಯಂತ್ರ ನೋಡುವ ಬಗೆಯನ್ನು ತಿಳಿಯಬೇಕು.

ನೆರೆಯ ದಿನ ಮೋಡ ಕವಿದಿರುತ್ತದೆ. ಕ್ಯಾಮೆರಾ ಹೊತ್ತ ಉಪಗ್ರಹಕ್ಕೆ ಕಾಣುವುದು ಮೋಡದ ಬೆನ್ನು ಮಾತ್ರ. ಆದ್ದರಿಂದ ರಾಡಾರ್ ಬೇಕು. 2022ರ ಫೆಬ್ರವರಿ 14ರಂದು ಪಿಎಸ್‌ಎಲ್‌ವಿ-ಸಿ52 ಹೊತ್ತೊಯ್ದ ಇಒಎಸ್-04 ಅಂಥದ್ದು. 529 ಕಿ.ಮೀ. ಎತ್ತರದಿಂದ ತನ್ನದೇ ಮೈಕ್ರೋವೇವ್ ಮಿಡಿತಗಳನ್ನು ಓರೆಯಾಗಿ ಕೆಳಗೆ ಬಿಟ್ಟು, ಮರಳುವ ಪ್ರತಿಧ್ವನಿಯನ್ನು ಹಿಡಿಯುತ್ತದೆ. ಆ ಅಲೆಯ ಉದ್ದ ಐದೂವರೆ ಸೆಂಟಿಮೀಟರ್ ಆಸುಪಾಸು. ಮೋಡದ ಹನಿಗಳು ಅದರ ಮುಂದೆ ತೀರ ಸಣ್ಣವು, ಅಡ್ಡ ಬರುವುದಿಲ್ಲ. ಹಗಲೋ ರಾತ್ರಿಯೋ ಎಂಬ ಚಿಂತೆಯೂ ಇಲ್ಲ. ಇನ್ನೊಂದು ಜಾಣತನವಿದೆ. ಕೆಲವೇ ಮೀಟರ್ ಉದ್ದದ ಆಂಟೆನಾ ಅಷ್ಟು ದೂರದಿಂದ ಹೊಲಗದ್ದೆಗಳನ್ನು ಬಿಡಿಬಿಡಿಯಾಗಿ ಕಾಣಲಾರದು. ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತಲೇ ಒಂದೇ ಜಾಗದ ಪ್ರತಿಧ್ವನಿಗಳನ್ನು ಸಾಲಾಗಿ ಕೂಡಿಹಾಕುತ್ತದೆ. ನೆಲದ ಮೇಲಿನ ಕಂಪ್ಯೂಟರ್ ಅವನ್ನು ಬೆಸೆದಾಗ, ಕಿಲೋಮೀಟರುಗಟ್ಟಲೆ ಉದ್ದದ ಆಂಟೆನಾ ನೋಡಿದಂಥ ಚಿತ್ರ ಸಿಗುತ್ತದೆ.

ನೀರಿನ ಮೇಲೆ ಬಿದ್ದ ಅಲೆಗೆ ಏನಾಗುತ್ತದೆ ಎಂಬುದನ್ನು ಕೇರಂ ಆಡಿದವರು ಬೇಗ ಹಿಡಿಯುತ್ತಾರೆ. ಅಂಚಿಗೆ ಓರೆಯಾಗಿ ಹೊಡೆದ ಸ್ಟ್ರೈಕರ್ ಆಚೆಗೆ ಪುಟಿದು ಹೋಗುತ್ತದೆಯೇ ಹೊರತು ಆಡಿದವನ ಕಡೆಗೆ ಬರುವುದಿಲ್ಲ. ನಿಂತ ನೀರೂ ರಾಡಾರ್ ಅಲೆಯನ್ನು ಹಾಗೆಯೇ ಆಚೆ ದಾಟಿಸುತ್ತದೆ, ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ. ಒರಟು ನೆಲ, ಪೈರು ಅಲೆಯನ್ನು ಎಲ್ಲ ದಿಕ್ಕಿಗೂ ಚೆದುರಿಸಿ ಸ್ವಲ್ಪ ಹಿಂದಕ್ಕೂ ಕಳಿಸುವುದರಿಂದ ಬೂದು. ಕೃಷ್ಣೆ ಮೈದುಂಬಿ ಅಥಣಿ, ಜಮಖಂಡಿ ಕಡೆ ಹೊಲಗಳಿಗೆ ನುಗ್ಗಿದಾಗ ಕಪ್ಪು ಎಲ್ಲಿಯವರೆಗೆ ಹರಡಿದೆ ಎಂದು ಗೆರೆ ಎಳೆದರೆ ನೆರೆಯ ನಕ್ಷೆ ಸಿದ್ಧ. ಯಾವ ಹಳ್ಳಿಗೆ ರಸ್ತೆ ಉಳಿದಿದೆ, ಯಾವುದಕ್ಕೆ ದೋಣಿಯೇ ಗತಿ ಎಂದು ಜಿಲ್ಲಾಡಳಿತ ಅದರಿಂದ ಅಂದಾಜಿಸಬಹುದು. (ಕಬ್ಬು ನೀರಿನ ಮೇಲೆ ತಲೆ ಎತ್ತಿ ನಿಂತಿದ್ದರೆ ಲೆಕ್ಕ ಕೊಂಚ ಏರುಪೇರು.)

ಈಗ ಸ್ಟ್ರೈಕರನ್ನು ಎರಡು ಅಂಚು ಕೂಡುವ ಮೂಲೆಯ ಹತ್ತಿರಕ್ಕೆ ಹೊಡೆಯಿರಿ. ಎರಡು ಸಲ ಪುಟಿದು ನಿಮ್ಮತ್ತಲೇ ಬರುತ್ತದೆ. ಅಪಾರ್ಟ್‌ಮೆಂಟಿನ ಗೋಡೆ ಮತ್ತು ಅದರ ಬುಡದ ನೀರು ಸೇರಿದರೆ ಅಂಥದೇ ಮೂಲೆ. ಕಪ್ಪಾಗಬೇಕಾದ ಜಾಗ ಹೊಳೆಯುತ್ತದೆ. ಒಣ ದಿನದಲ್ಲೂ ರಸ್ತೆ ಮತ್ತು ಗೋಡೆಯ ಮೂಲೆಗಳು ಹೊಳೆಯುವುದರಿಂದ, ಮುಳುಗಿದ ಕಟ್ಟಡಕ್ಕೂ ಮುಳುಗದ್ದಕ್ಕೂ ಒಂದೇ ಚಿತ್ರದಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಎತ್ತರದ ಕಟ್ಟಡಗಳ ನೆರಳಿಗೆ ಬಿದ್ದ ಬೀದಿಗಳಂತೂ ಕಾಣುವುದೇ ಇಲ್ಲ. ಸಮಯದ ತೊಡಕೂ ಇದೆ. ಈ ಉಪಗ್ರಹ ಹಾದುಹೋಗುವುದು ಬೆಳಗಿನ ಮತ್ತು ಸಂಜೆಯ ಆರರ ಆಸುಪಾಸಿನಲ್ಲಿ, ಅದೂ ದಿನವೂ ಒಂದೇ ಊರಿನ ಮೇಲಲ್ಲ. ದತ್ತಾಂಶ ಹೈದರಾಬಾದ್ ಬಳಿಯ ಶಾದನಗರದಲ್ಲಿ ಇಳಿದು, ನಕ್ಷೆಯಾಗಿ ಯಲಹಂಕಕ್ಕೆ ಮರಳಬೇಕು. ಕೃಷ್ಣೆಯ ನೆರೆ ದಿನಗಟ್ಟಲೆ ನಿಲ್ಲುತ್ತದೆ, ಕಾಯುತ್ತದೆ. ನಗರದ ನೆರೆ ಬಹಳ ಸಲ ನಾಲ್ಕಾರು ಗಂಟೆಯ ಆಟ.

ಹಾಗೆಂದು ನಗರಕ್ಕೆ ಉಪಗ್ರಹ ಬೇಡವೆನ್ನಲಾಗದು. ಕಟ್ಟಡಗಳ ನಡುವಿನ ನೀರು ಹಿಡಿಯಲು ಈಗ ಬಳಸುವ ಒಂದು ಉಪಾಯವೆಂದರೆ, ನೆರೆಯ ದಿನದ ಅಲೆಗಳನ್ನು ಅದೇ ಕೋನದಿಂದ ತೆಗೆದ ಒಣ ದಿನದ ಅಲೆಗಳ ಜತೆ ಹೊಂದಿಸಿ, ಎಲ್ಲಿ ತಾಳೆ ತಪ್ಪಿತೆಂದು ನೋಡುವುದು. ನೀರು ಕಾಣಬೇಕಾದರೆ ನೀರಿಲ್ಲದ ದಿನದ ಚಿತ್ರ ಕೈಯಲ್ಲಿರಬೇಕು.

ದೇಶದೇಶಗಳ ನಡುವೆಯೂ ಇಂಥ ಚಿತ್ರಗಳ ಕೊಡುಕೊಳ್ಳುವಿಕೆಗೆ ಏರ್ಪಾಡಿದೆ. 1999ರಲ್ಲಿ ಯುರೋಪ್ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಗಳು ಆರಂಭಿಸಿದ ಅಂತರರಾಷ್ಟ್ರೀಯ ವಿಕೋಪ ಒಪ್ಪಂದಕ್ಕೆ ಇಸ್ರೋ 2001ರಲ್ಲಿ ಸೇರಿತು. ಎಲ್ಲಾದರೂ ದೊಡ್ಡ ಅನಾಹುತವಾದರೆ ಸದಸ್ಯರು ಚಿತ್ರಗಳನ್ನು ಪುಕ್ಕಟೆಯಾಗಿ ಕೊಡುತ್ತಾರೆ. ನಮಗೂ ಬೇರೆಯವರ ಕಣ್ಣು ಬೇಕಾದ ಕಾಲವಿತ್ತು. 2012ರಲ್ಲಿ ಇಸ್ರೋದ ರಾಡಾರ್ ಉಪಗ್ರಹ ರಿಸ್ಯಾಟ್-1 ಹಾರುವ ಮುನ್ನ ನಮ್ಮ ನೆರೆನಕ್ಷೆಗಳಿಗೆ ಕೆನಡಾದ ರಾಡಾರ್‌ಸ್ಯಾಟ್ ದೊಡ್ಡ ಆಸರೆಯಾಗಿತ್ತು.

ಯಲಹಂಕದ ಮಟ್ಟಿಗೆ, ನನ್ನ ಎಣಿಕೆಯಲ್ಲಿ, ಉಪಗ್ರಹದ ನಿಜವಾದ ಪರಿಹಾರ ಕಾರ್ಯ ನಡೆಯುವುದು ಬೇಸಿಗೆಯಲ್ಲಿ. ಮೇಲಿನ ಕೆರೆಗಳ ಕೋಡಿ ನೀರು ಯಾವ ರಾಜಕಾಲುವೆ ಹಿಡಿದು ಎಲ್ಲಿಗೆ ಇಳಿಯುತ್ತದೆ, ಯಾವ ಕಾಲುವೆ ಎಲ್ಲಿ ಸೊರಗಿದೆ ಎಂಬುದು ಬಿಸಿಲಿನ ದಿನ ಕ್ಯಾಮೆರಾ ಉಪಗ್ರಹಕ್ಕೇ ಚೆನ್ನಾಗಿ ಕಾಣುತ್ತದೆ. ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದ ‘ದಿಶಾಂಕ್’ ಆ್ಯಪ್ ಅದೇ ದೂರಸಂವೇದಿ ಕೇಂದ್ರದ ಕೆಲಸ. ನಿಂತ ಜಾಗದ ಸರ್ವೆ ನಂಬರನ್ನೂ, ಸುತ್ತಲಿನ ಕೆರೆ ಕಾಲುವೆಗಳನ್ನೂ ಮೊಬೈಲಿನಲ್ಲೇ ತೋರಿಸುತ್ತದೆ. ಸೈಟು ಕೊಳ್ಳುವವರು ಅದನ್ನು ತೆರೆದು ತೆರೆದು ನೋಡುತ್ತಾರೆ. ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವ ಮೇಜಿನ ಮೇಲೂ ಅದು ಅಷ್ಟೇ ಸಲ ತೆರೆದುಕೊಂಡರೆ, ಮುಂದಿನ ಮಳೆಗಾಲಕ್ಕೆ ಎರಡು ದೋಣಿ ಕಡಿಮೆ ಸಾಕಾದೀತು.