ಹುಡುಗನಾಗಿ ಬೆಳೆದ ರಾಣಿ

ಕಳೆದ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳ ರಾಶಿ ಕೆದಕುತ್ತಿದ್ದಾಗ ರಟ್ಟು ಕಿತ್ತುಹೋದ ‘ದಿ ಮಾರ್ವೆಲಸ್ ಲ್ಯಾಂಡ್ ಆಫ್ ಓಜ್’ ಕೈಗೆ ಬಂತು. ಎಲ್. ಫ್ರಾಂಕ್ ಬಾಮ್ ಇದನ್ನು ಬರೆದದ್ದು 1904ರಲ್ಲಿ. ಓಜ್ ಸರಣಿಯ ಎರಡನೇ ಪುಸ್ತಕವಾದರೂ ಇದರಲ್ಲಿ ಮೊದಲ ಪುಸ್ತಕದ ನಾಯಕಿ ಡೊರೊಥಿ ಬರುವುದೇ ಇಲ್ಲ. ಅಂದು ರಾತ್ರಿ ಮುಗಿಸಿಯೇ ಮಲಗಿದೆ.

ಟಿಪ್ ಎಂಬ ಹುಡುಗ ಮೊಂಬಿ ಎಂಬ ಮಾಟಗಾತಿ ಮುದುಕಿಯ ಮನೆಯಲ್ಲಿ ಸೌದೆ ಹೊತ್ತು, ನಾಲ್ಕು ಕೊಂಬಿನ ಹಸುವಿನ ಹಾಲು ಕರೆದು ಬೆಳೆಯುತ್ತಾನೆ. ತನ್ನನ್ನು ಅಮೃತಶಿಲೆಯ ಬೊಂಬೆ ಮಾಡುತ್ತಾಳೆಂದು ತಿಳಿದದ್ದೇ, ತಾನೇ ಮಾಡಿದ ಕುಂಬಳಕಾಯಿ ತಲೆಯ ಜಾಕ್‌ನೊಂದಿಗೆ ರಾತ್ರೋರಾತ್ರಿ ಓಡುತ್ತಾನೆ. ಕೊನೆಗೆ ಮೊಂಬಿ ಬಾಯಿಬಿಡುತ್ತಾಳೆ: ಹಿಂದಿನ ರಾಜ ಪಾಸ್ಟೋರಿಯಾನ ಮಗಳು ಓಜ್ಮಾಳನ್ನು ಶಿಶುವಾಗಿದ್ದಾಗಲೇ ಓಜ್‌ನ ಮಾಂತ್ರಿಕ ತನಗೊಪ್ಪಿಸಿದ್ದ, ತಾನೇ ಅವಳನ್ನು ಹುಡುಗನಾಗಿ ಮಾಡಿದ್ದೆ, ಈ ಟಿಪ್ಪೇ ಓಜ್ಮಾ!

ಟಿಪ್ ಒಪ್ಪುವುದಿಲ್ಲ. ಹುಡುಗನಾಗಿಯೇ ಇದ್ದು ಗೆಳೆಯರ ಜೊತೆ ಊರೂರು ಸುತ್ತುವುದು ಅವನಾಸೆ. ಕಡೆಗೆ ಮಂಚದ ಸುತ್ತ ಗುಲಾಬಿ ಬಣ್ಣದ ತೆಳು ಪರದೆ ಬಿಡುತ್ತಾರೆ. ಸರಿಸಿದಾಗ ರಾಣಿ ಏಳುತ್ತಾಳೆ. ಎದ್ದವಳು ಮೊದಲು ಕೇಳಿಕೊಳ್ಳುವುದು, ನನ್ನ ಮೇಲಿನ ಪ್ರೀತಿ ಕಡಿಮೆ ಮಾಡಬೇಡಿ ಎಂದು. ಈ ಪುಟ ಮೂರು ಸಲ ಓದಿದೆ. ಆಗಿನ ನಾಟಕಗಳಲ್ಲಿ ನಟಿಯರು ಹುಡುಗರ ಪಾತ್ರ ಹಾಕುತ್ತಿದ್ದರು, ಈ ತಿರುವು ಅಲ್ಲಿಂದ ಬಂತು ಎನ್ನುವವರಿದ್ದಾರೆ. ನನಗೆ ಆ ವಿವರಣೆ ಸಾಲದು. ಬಾಮ್‌ರ ಅತ್ತೆ ಮಟಿಲ್ಡಾ ಜೋಸ್ಲಿನ್ ಗೇಜ್ ಮಹಿಳೆಯರ ಮತದಾನದ ಹಕ್ಕಿಗಾಗಿ ಜೀವನವಿಡೀ ಹೋರಾಡಿದವರು. ಹೆಣ್ಣಿನ ಕೈಗೆ ರಾಜ್ಯ ಕೊಡುವುದು ಆ ಮನೆಯಲ್ಲಿ ಬರೀ ರಂಗತಂತ್ರ ಆಗಿರಲಾರದು.

ಓಜ್ಮಾ ಎಂಥ ರಾಣಿ? 1910ರ ಆರನೇ ಪುಸ್ತಕದಲ್ಲಿ ಶತ್ರುಗಳು ಸುರಂಗ ತೋಡಿ ಬರುತ್ತಿರುವಾಗಲೂ ಅವಳು ಯುದ್ಧ ಮಾಡಲೊಲ್ಲಳು. ಬಂದವರು ಮರೆವಿನ ನೀರು ಕುಡಿದು ದ್ವೇಷವನ್ನೇ ಮರೆಯುತ್ತಾರೆ. ಆಮೇಲೆ ಓಜ್ ಹೊರಗಿನವರ ಕಣ್ಣಿಗೆ ಕಾಣದಂತಾಗುತ್ತದೆ. ಸರಣಿ ನಿಲ್ಲಿಸಲು ಬಾಮ್ ಹೂಡಿದ ಉಪಾಯವದು. ಮಕ್ಕಳು ಬಿಡಲಿಲ್ಲ. 1913ರಲ್ಲಿ ಮತ್ತೆ ಬರೆಯಲು ಕೂತರು. ಓಜ್‌ನ ಸುದ್ದಿ ಈಗ ವೈರ್‌ಲೆಸ್‌ನಲ್ಲಿ ಬರುತ್ತಿದೆ ಎಂದು ಮುನ್ನುಡಿಯಲ್ಲಿ ಹೇಳಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ವೈರ್‌ಲೆಸ್. 1960ರ ಏಪ್ರಿಲ್‌ನಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಅಮೆರಿಕದ ಗ್ರೀನ್ ಬ್ಯಾಂಕ್‌ನ 26 ಮೀಟರ್ ರೇಡಿಯೋ ದೂರದರ್ಶಕವನ್ನು ಟೌ ಸೆಟಿ, ಎಪ್ಸಿಲಾನ್ ಎರಿಡಾನಿ ಎಂಬ ಎರಡು ನಕ್ಷತ್ರಗಳತ್ತ ತಿರುಗಿಸಿದರು. ಅಲ್ಲಿ ಯಾರಾದರೂ ಮಾತಾಡುತ್ತಾರೇನೋ ಎಂದು 1,420 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟರು. ಯೋಜನೆಗೆ ಇಟ್ಟ ಹೆಸರು ‘ಪ್ರಾಜೆಕ್ಟ್ ಓಜ್ಮಾ’. ದೂರದ, ತಲುಪಲಾಗದ, ವಿಚಿತ್ರ ಜೀವಿಗಳ ನಾಡಿನ ರಾಣಿಗೆ ಇದಕ್ಕಿಂತ ಒಳ್ಳೆಯ ಗೌರವ ನನಗೆ ತೋಚುತ್ತಿಲ್ಲ.

ಮಕ್ಕಳಿಗೆ ಮೊದಲ ಓಜ್ ಪುಸ್ತಕ ಕೊಡಿಸಿದವರು ದಯವಿಟ್ಟು ಎರಡನೆಯದನ್ನೂ ಕೊಡಿಸಿ.