ಸೊನ್ನೆಯ ನಂತರದ 23 ದಿನ

35 ಸಲ ವಿಶ್ವದಾಖಲೆ ಬರೆದ ಆಟಗಾರ ಒಲಿಂಪಿಕ್ಸ್‌ನಲ್ಲಿ ಗೆದ್ದ ಪದಕಗಳೆಷ್ಟು? ಒಂದೇ ಒಂದು! ಅವರೇ ಉಕ್ರೇನ್‌ನ ಪೋಲ್‌ವಾಲ್ಟ್ ದಿಗ್ಗಜ ಸೆರ್ಗೆಯ್ ಬುಬ್ಕಾ.

1963ರಲ್ಲಿ ಲುಹಾನ್ಸ್ಕ್‌ನಲ್ಲಿ ಹುಟ್ಟಿದ ಬುಬ್ಕಾ, 1983ರಲ್ಲಿ ಹೆಲ್ಸಿಂಕಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದಾಗ ವಯಸ್ಸು ಬರೀ 19. ಅಲ್ಲಿಂದ 1997ರವರೆಗೆ ಸತತ ಆರು ಚಾಂಪಿಯನ್‌ಷಿಪ್‌ಗಳ ಚಿನ್ನ ಅವರದೇ. 1985ರಲ್ಲಿ ಪ್ಯಾರಿಸ್‌ನಲ್ಲಿ 6 ಮೀಟರ್ ದಾಟಿದ ಜಗತ್ತಿನ ಮೊದಲಿಗರಾದರು.

ಆ 6 ಮೀಟರ್ ಎಂದರೆ ಎಷ್ಟು ದೊಡ್ಡದು? ನಾವು ಎಂಜಿನಿಯರಿಂಗ್‌ನಲ್ಲಿ ಓದುವ ಸರಳ ಲೆಕ್ಕ ಸಾಕು. ಸೆಕೆಂಡಿಗೆ 10 ಮೀಟರ್ ವೇಗದ ಓಟದ ಶಕ್ತಿಯೆಲ್ಲ ಎತ್ತರವಾಗಿ ಬದಲಾದರೂ ಸಿಗುವುದು ಸುಮಾರು 5 ಮೀಟರ್. ದೇಹದ ಗುರುತ್ವ ಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಮೇಲಿರುವುದರಿಂದ ಒಟ್ಟು 6. ಅದರಾಚೆಯ ಒಂದೊಂದು ಸೆಂಟಿಮೀಟರ್‌ಗೂ ತೋಳಿನ ಬಲ, ಜಿಮ್ನಾಸ್ಟ್‌ನಂತೆ ಮೈ ತಿರುಗಿಸುವ ಕಲೆ ಬೇಕು. ಬುಬ್ಕಾ ಹೆಚ್ಚಾಗಿ ಏರಿದ್ದು ಹಾಗೆಯೇ, ಸೆಂಟಿಮೀಟರ್ ಲೆಕ್ಕದಲ್ಲಿ.

ಒಲಿಂಪಿಕ್ಸ್ ಮಾತ್ರ ಅವರಿಗೆ ಸುಲಭವಾಗಿ ಒಲಿಯಲಿಲ್ಲ. 1984ರಲ್ಲಿ ಸೋವಿಯತ್ ಒಕ್ಕೂಟ ಲಾಸ್ ಏಂಜಲೀಸ್ ಕೂಟವನ್ನೇ ಬಹಿಷ್ಕರಿಸಿತು. 1988ರಲ್ಲಿ ಸೋಲ್‌ನಲ್ಲಿ 5.90 ಮೀಟರ್ ದಾಟಿ ಚಿನ್ನ ಗೆದ್ದರು, ಅದೂ ಕೊನೆಯ ಯತ್ನದಲ್ಲಿ. 1992ರ ಬಾರ್ಸಿಲೋನಾದಲ್ಲಿ ಮೂರೂ ಯತ್ನ ವಿಫಲವಾಗಿ, ಒಂದು ಎತ್ತರವನ್ನೂ ದಾಟದೆ ಹೊರಬಿದ್ದರು. 1996ರಲ್ಲಿ ಹಿಮ್ಮಡಿಯ ಗಾಯ, 2000ದ ಸಿಡ್ನಿಯಲ್ಲಿ ಮತ್ತೆ ಸೊನ್ನೆ.

ನನಗೆ ಮುಖ್ಯವೆನಿಸುವುದು ಬಾರ್ಸಿಲೋನಾ ನಂತರದ ದಿನಗಳು. ಅಲ್ಲಿ ಫೈನಲ್ ನಡೆದದ್ದು ಆಗಸ್ಟ್ 7ರಂದು. ಆಗಸ್ಟ್ 30ರಂದು ಇಟಲಿಯ ಪಡುವಾದಲ್ಲಿ ಬುಬ್ಕಾ 6.12 ಮೀಟರ್ ಹಾರಿ ವಿಶ್ವದಾಖಲೆ ಮಾಡಿದರು. ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ 6.13. 1994ರಲ್ಲಿ ಸೆಸ್ಟ್ರಿಯೆರ್‌ನಲ್ಲಿ 6.14. ಹೊರಾಂಗಣದ ಆ ದಾಖಲೆಯನ್ನು ಮೀರಲು 2020ರವರೆಗೆ ಯಾರಿಗೂ ಆಗಲಿಲ್ಲ!

23 ದಿನಗಳಲ್ಲಿ ಅವರ ಸಾಮರ್ಥ್ಯ ಸೊನ್ನೆಯಿಂದ 6.12ಕ್ಕೆ ಏರಿತೇ? ಇಲ್ಲ. ಸಾಮರ್ಥ್ಯ ಇದ್ದೇ ಇತ್ತು, ಆ ಒಂದು ದಿನ ಕೈಕೊಟ್ಟಿತ್ತು ಅಷ್ಟೆ. ಆದರೆ ಮುಂದಿನ ಕೂಟಕ್ಕೆ ಹೋಗದೇ ಇದ್ದಿದ್ದರೆ ಅದು ಅವರಿಗೂ ಗೊತ್ತಾಗುತ್ತಿರಲಿಲ್ಲ, ಜಗತ್ತಿಗೂ ಗೊತ್ತಾಗುತ್ತಿರಲಿಲ್ಲ.

ಕ್ಯಾಂಪಸ್ ಸಂದರ್ಶನದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕೋಣೆಯ ಬಾಗಿಲು ಹಾಕಿಕೊಂಡು ಕೂರುವ ಗೆಳೆಯರಿಗೆ ನಾನು ಹೇಳುವುದು ಸೋಲ್‌ನ ಚಿನ್ನದ ಕಥೆಯಲ್ಲ, ಪಡುವಾದ ಕಥೆ. ಇಂದಿನ ಫಲಿತಾಂಶ ಇಂದಿನದು ಮಾತ್ರ. ಮುಂದಿನ ಅರ್ಜಿ ತುಂಬಲು ಕೊನೆಯ ದಿನಾಂಕ ಯಾವುದು, ಮೊದಲು ಅದನ್ನು ನೋಡೋಣ.