ಸೋಗೆ ತಿಂದ ದನ ಸೊರಗುವುದೇಕೆ?

ಪುಣೆ ಜಿಲ್ಲೆಯ ಇಂದಾಪುರದಲ್ಲಿ ಉಜನಿ ಅಣೆಕಟ್ಟೆಯ ಹಿನ್ನೀರಿಗೆ ಕಬ್ಬು, ಮಳೆಯಾಶ್ರಿತ ಹೊಲಕ್ಕೆ ಹಿಂಗಾರಿ ಜೋಳ, ಹಳ್ಳಿಹಳ್ಳಿಯಲ್ಲೂ ಹೈನು. ನಮ್ಮ ವಿಜಯಪುರ, ಬೆಳಗಾವಿ ಸೀಮೆಯಂತೆಯೇ ಅಲ್ಲೂ ಚಳಿಗಾಲದ ಮೇವಿನ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಬೇರೂರಿವೆ.

ತಪ್ಪು ಕಲ್ಪನೆ: ಚಳಿಗೆ ದನ ಸೊರಗುತ್ತದೆ.
ವಾಸ್ತವ: ಹಿಮ ಬೀಳುವ ನಾಡಿಗೆ ಆ ಮಾತು ಸರಿ. ಇಲ್ಲಿಯ ಚಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿಗೆ ಹಿತವೇ. ಅದನ್ನು ಹಣ್ಣು ಮಾಡುವುದು ಬೇಸಿಗೆ. ಎಳೆಗರುಗಳಿಗೆ ಮಾತ್ರ ಒಣ ಹಾಸು, ಗಾಳಿಮರೆ ಬೇಕು.

ತಪ್ಪು ಕಲ್ಪನೆ: ಕಬ್ಬಿನ ಸೋಗೆ ಹಸಿರಾಗಿದೆ, ಅದೊಂದೇ ಸಾಕು.
ವಾಸ್ತವ: ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಬೀಡ್ ಕಡೆಯಿಂದ ಬಂದ ಕಟಾವಿನವರು ಸೋಗೆಯ ಕಟ್ಟುಗಳನ್ನು ಮಾರುತ್ತಾರೆ. ಸುಲಭವಾಗಿ ಸಿಗುತ್ತದೆಂದು ಕೊಟ್ಟಿಗೆಗೆಲ್ಲ ಅದೇ ಮೇವಾಗಿಬಿಡುತ್ತದೆ. ಆದರೆ ಸೋಗೆಯಲ್ಲಿ ಪ್ರೋಟೀನು ತೀರ ಕಡಿಮೆ. ಮೇಲಾಗಿ ಅದರಲ್ಲಿರುವ ಆಕ್ಸಲೇಟು ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ದನದ ಮೈಗೆ ಹತ್ತದಂತೆ ಮಾಡುತ್ತದೆ. ತಿಂಗಳುಗಟ್ಟಲೆ ಇದನ್ನೇ ತಿಂದ ಹಸು ಹೊಟ್ಟೆ ತುಂಬಿದ್ದರೂ ಹಾಲು ಕಡಿಮೆ ಮಾಡುತ್ತದೆ, ಬೆದೆಗೆ ಬರಲು ತಡಮಾಡುತ್ತದೆ. ಹಾಗೆಂದು ಸೋಗೆಯನ್ನು ಬಿಡಬೇಕಿಲ್ಲ. ಸಣ್ಣಗೆ ಕತ್ತರಿಸಿ, ಜೋಳದ ಕಣಿಕೆ ಮತ್ತು ಕುದುರೆ ಮೆಂತೆಯೊಂದಿಗೆ ಬೆರೆಸಿ ಹಾಕಿ. ಹಿಂಡಿಯ ಜೊತೆ ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡುವುದನ್ನು ತಪ್ಪಿಸಬೇಡಿ.

ತಪ್ಪು ಕಲ್ಪನೆ: ಕುದುರೆ ಮೆಂತೆ ಎಷ್ಟು ಹಾಕಿದರೂ ಒಳ್ಳೆಯದೇ.
ವಾಸ್ತವ: ಇಬ್ಬನಿ ಆರದ ಮೇವನ್ನು ಹಸಿದ ಹೊಟ್ಟೆಗೆ ತಿಂದರೆ ಹೊಟ್ಟೆಯುಬ್ಬರ ಬರಬಹುದು. ಮೊದಲು ಕಣಿಕೆ, ಆಮೇಲೆ ಬಾಡಿಸಿದ ಸೊಪ್ಪು.

ತಪ್ಪು ಕಲ್ಪನೆ: ಕೊಯ್ದ ಜೋಳದ ಹೊಲದಲ್ಲಿ ದನ ಬಿಟ್ಟರೆ ಅಪಾಯವಿಲ್ಲ.
ವಾಸ್ತವ: ಕೂಳೆಯ ಎಳೆ ಚಿಗುರಿನಲ್ಲಿ, ನೀರಿಲ್ಲದೆ ಕುಗ್ಗಿದ ಪೈರಿನಲ್ಲಿ ಸೈನೈಡ್ ವಿಷ ಹುಟ್ಟುತ್ತದೆ. ತಿಂದ ದನ ನಿಮಿಷಗಳಲ್ಲೇ ಏದುಸಿರು ಬಿಟ್ಟು ಬೀಳಬಹುದು. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಆ ಭಯ ಬಹಳ ಕಡಿಮೆ.

ತಪ್ಪು ಕಲ್ಪನೆ: ಯೂರಿಯಾ ಹಾಕಿದ ಒಣಮೇವು ವಿಷ.
ವಾಸ್ತವ: 100 ಕಿಲೋ ಒಣಮೇವಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದು ಸತ್ವದ ಮೇವು. ತೆಗೆದ ಮೇಲೆ ವಾಸನೆ ಹೋಗುವಷ್ಟು ಗಾಳಿಗೆ ಹರಡಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾವನ್ನು ನೇರವಾಗಿ ತಿನ್ನಿಸಿದರೆ ಮಾತ್ರ ಅದು ನಿಜಕ್ಕೂ ವಿಷ.

2019ರ ಬರದಲ್ಲಿ ಪಕ್ಕದ ಸೊಲ್ಲಾಪುರ ಜಿಲ್ಲೆಯಲ್ಲಿ ಸರಕಾರ ಮೇವಿನ ಶಿಬಿರಗಳನ್ನು ತೆರೆಯಬೇಕಾಯಿತು. ಅಂಥ ಪಾಡು ಬರದಿರಲು ಹಿಂಗಾರಿ ಜೋಳ ಕೊಯ್ದ ಕೂಡಲೇ ಕಣಿಕೆಯನ್ನೆಲ್ಲ ಮಾರಬೇಡಿ. ಮೇ ತಿಂಗಳಿಗೆ ಒಂದು ಬಣವೆ ಒಟ್ಟಿಡಿ.